ಓಡುವ ತಾಯಿ, ತಳ್ಳುವ ಗಾಡಿ

ಒಂದು ಭಾನುವಾರ ನಂಜನಗೂಡಿನಲ್ಲಿ ಬೆಳಗಿನ ಪೂಜೆ ಮುಗಿಸಿ ಹೊರಗೆ ನಿಂತಿದ್ದೆ. ಯುವ ದಂಪತಿ ಐದು ತಿಂಗಳ ಹೆಣ್ಣು ಕೂಸನ್ನು ಎತ್ತಿಕೊಂಡು ಬಂದರು. ಆತ ತಾಂಡವಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಆಕೆ ತಿ.ನರಸೀಪುರದ ಕಡೆಯವಳು. ಕಾಲೇಜಿನಲ್ಲಿದ್ದಾಗ ಎಂಟುನೂರು ಮೀಟರ್ ಓಟದಲ್ಲಿ ದಸರಾ ಕ್ರೀಡಾಕೂಟದವರೆಗೂ ಹೋಗಿ ಬಂದವಳು. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ.

ಆಕೆಯ ಅಣ್ಣ ಆಸ್ಟ್ರೇಲಿಯಾದಲ್ಲಿ ಇದ್ದಾನಂತೆ. ರಜೆಗೆ ಬರುವಾಗ ಸೊಸೆಗೆ ಒಂದು ಗಾಡಿ ತರುತ್ತೇನೆಂದು ಹೇಳಿದ್ದಾನೆ. ಅದೂ ಸಾಮಾನ್ಯ ಗಾಡಿಯಲ್ಲ, ಮಗುವನ್ನು ಕೂರಿಸಿ ತಾಯಿ ತಂದೆ ಓಡುತ್ತಾ ತಳ್ಳುವ ಗಾಡಿ, ಜಾಗಿಂಗ್ ಸ್ಟ್ರೋಲರ್. ಆತ ತನ್ನ ಮೊಬೈಲ್‌ನಲ್ಲಿ ಮೂರು ಗಾಡಿಗಳ ಚಿತ್ರ ತೋರಿಸಿ, “ಫಾದರ್, ಇದ್ರಲ್ಲಿ ಯಾವ್ದು ತರ್ಸೋಣ?” ಎಂದ.

ನಾನು ನಕ್ಕೆ. ನನ್ನ ಬೈಕಿನ ಚೈನು ಬಿಗಿ ಮಾಡಲು ನನಗೆ ಬರುವುದಿಲ್ಲ, ಮಗುವಿನ ಗಾಡಿಯ ವಿಷಯ ಗುರುಗಳಿಗೆ ಏನು ಗೊತ್ತು ಎಂದೆ. ಆಕೆ ನಗಲಿಲ್ಲ. “ಗಾಡಿ ವಿಷ್ಯ ಅಲ್ಲ ಫಾದರ್. ನಾನು ಓಡೋದು ತಪ್ಪಾ ಅಂತ ಕೇಳ್ತಿದೀನಿ” ಎಂದಳು.

ಅಷ್ಟರಲ್ಲಿ ಹಿಂದಿನಿಂದ ಆಕೆಯ ಅತ್ತೆ ಬಂದರು. “ಕೇಳಿ ಸ್ವಾಮ್ಯೋರೇ, ಕೂಸ್ನ ಗಾಡೀಲಿ ಕಟ್ಟಾಕಿ ಓಡ್ತೀನಿ ಅಂತಾಳಲ್ಲ, ಏನಾರ ಆದ್ರೆ ಯಾರ್ ಹೊಣೆ? ನಾವೂ ನಾಕ್ ಮಕ್ಳ ಸಾಕಿಲ್ವಾ? ಯಾವತ್ತಾದ್ರೂ ಓಡಿದ್ವಾ?”

ಪೂಜೆ ಮುಗಿಸಿ ಬಂದ ಹೊಸದರಲ್ಲಿ ಇಂಥ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. ಮುಂದಿನ ವಾರ ಮಾತಾಡೋಣ ಎಂದು ಕಳುಹಿಸಿದೆ. ಆ ವಾರ ಪೂರ್ತಿ ನನ್ನ ತಲೆಯಲ್ಲಿ ಆ ಗಾಡಿಯೇ ಓಡುತ್ತಿತ್ತು.

ತಳ್ಳುವ ಗಾಡಿ ಎಂದರೆ ನಮ್ಮ ಪೇಟೆಯಲ್ಲಿ ಬಾಳೆಹಣ್ಣಿನದು, ತರಕಾರಿಯದು, ಕಡ್ಲೆಪುರಿಯದು. ಮಕ್ಕಳ ಗಾಡಿ ಎಂದರೆ ಅಂಬೆಗಾಲು ಬಿಟ್ಟು ಏಳುವ ಕೂಸು ಹಿಡಿದು ನಡೆಯುವ ಮರದ ಮೂರು ಚಕ್ರದ ಗಾಡಿ. ಓಡುವವರ ಗಾಡಿಗೂ ಮೂರೇ ಚಕ್ರ, ಆದರೆ ಅದರ ಹುಟ್ಟು ಬೇರೆ. 1965ರಲ್ಲಿ ಓವನ್ ಮೆಕ್ಲಾರೆನ್ ಎಂಬ ಇಂಗ್ಲೆಂಡಿನ ವಿಮಾನ ಎಂಜಿನಿಯರ್ ಛತ್ರಿಯಂತೆ ಮಡಚುವ ಹಗುರ ಗಾಡಿಯನ್ನು ರೂಪಿಸಿದರು. ಅದು ಬಸ್ಸು ರೈಲು ಹತ್ತುವ ತಾಯಂದಿರಿಗೆ ಅನುಕೂಲವಾಯಿತು. ಆದರೆ ಸಣ್ಣ ಚಕ್ರದ ಆ ಗಾಡಿಯನ್ನು ತಳ್ಳಿಕೊಂಡು ಓಡಲಾಗದು, ಕಲ್ಲಿಗೆ ಎಡವಿ ಮುಗ್ಗರಿಸುತ್ತದೆ. 1984ರಲ್ಲಿ ಅಮೆರಿಕದ ಯಾಕಿಮಾ ಎಂಬ ಊರಿನ ಫಿಲ್ ಬೇಕ್ಲರ್ ಎಂಬ ಪತ್ರಕರ್ತ, ತಾನೂ ಓಟಗಾರ, ಮಗನನ್ನು ಬಿಟ್ಟು ಓಡಲು ಮನಸ್ಸಾಗದೆ ಗಾಡಿಗೆ ಸೈಕಲ್ಲಿನ ದೊಡ್ಡ ಚಕ್ರಗಳನ್ನು ಜೋಡಿಸಿದರು. ಅಲ್ಲಿಂದ ಇದು ಒಂದು ಉದ್ಯಮವಾಗಿ ಬೆಳೆಯಿತು.

ಮಗನನ್ನು ಬಿಟ್ಟು ಓಡಲು ಮನಸ್ಸಾಗದೆ ಎಂದೆ. ಓಟವನ್ನು ಬಿಡಲು ಮನಸ್ಸಾಗದೆ ಎಂದೂ ಹೇಳಬಹುದು. ಎರಡೂ ನಿಜವೇ. ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಈ ಗಾಡಿ ಯಾರಿಗಾಗಿ? ಮಗುವಿಗಾಗಿಯೋ, ಓಡುವವರಿಗಾಗಿಯೋ?

ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸುವಾಗ ಜರ್ಮನಿಯ ಕಾಂಟ್ ಎಂಬ ದಾರ್ಶನಿಕನ ಒಂದು ವಿಚಾರವನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಮನುಷ್ಯನನ್ನು ಬರೀ ಸಾಧನವಾಗಿ ಬಳಸಕೂಡದು ಎಂಬುದು ಅದರ ತಾತ್ಪರ್ಯ. ಪರೀಕ್ಷೆಯಲ್ಲಿ ಬರೆಯುವಾಗ ನಾವು ‘ಬರೀ’ ಎನ್ನುವ ಪದವನ್ನು ಮರೆತು ಅಂಕ ಕಳೆದುಕೊಳ್ಳುತ್ತಿದ್ದೆವು. ಆ ಪದದಲ್ಲೇ ಎಲ್ಲ ಇದೆ. ಒಬ್ಬರಿಂದ ಒಬ್ಬರು ಉಪಯೋಗ ಪಡೆಯದ ಕುಟುಂಬ ಎಲ್ಲಿದೆ? ಕೂಸಿಗೆ ಹಾಲು ಕುಡಿಸುವಾಗ ತಾಯಿಗೂ ಎದೆ ಹಗುರಾಗುತ್ತದೆ. ಮೊಮ್ಮಗನನ್ನು ಆಡಿಸುವಾಗ ತಾತನಿಗೂ ಹೊತ್ತು ಹೋಗುತ್ತದೆ. ಇದರಲ್ಲಿ ಪಾಪವೇನೂ ಇಲ್ಲ. ಒಂದು ಕೆಲಸದಿಂದ ಇಬ್ಬರಿಗೆ ಒಳಿತಾದರೆ ದೇವರಿಗೆ ನಷ್ಟವಿಲ್ಲ. ಇಬ್ಬರ ಒಳಿತು ಒಂದಕ್ಕೊಂದು ಎದುರಾದ ಕ್ಷಣದಲ್ಲಿ ಯಾವುದು ಹಿಂದೆ ಸರಿಯುತ್ತದೆ ಎಂಬುದನ್ನು ನೋಡಬೇಕು. ಓಟ ಅರ್ಧವಾಗಿರುವಾಗ ಕೂಸು ಅಳುತ್ತದೆ. ಆಗ ನಿಲ್ಲುವವಳಿಗೆ ಮಗು ಜೊತೆಗಾರ. ಇನ್ನೊಂದು ಸುತ್ತು ಮುಗಿಸಿಬಿಡೋಣ ಎನ್ನುವವಳಿಗೆ ಅದು ಗಾಡಿಯಲ್ಲಿರುವ ಸಾಮಾನು.

ಇದನ್ನು ‘ಓಡುವವಳು’ ಎಂದು ಹೆಣ್ಣಿನ ಲಿಂಗದಲ್ಲಿ ಬರೆದೆ. ಅದಕ್ಕೆ ನನಗೇ ನಾಚಿಕೆಯಾಗುತ್ತದೆ. ಆ ಮನೆಯ ಗಂಡಸೂ ಓಡುತ್ತಾನೆ. ಮಗು ಹುಟ್ಟಿದ ವಾರದಲ್ಲೂ ಓಡಿದ. ಆತ ಮಾಡುವುದು ತಪ್ಪಾ ಎಂದು ಯಾರೂ ಕೇಳಲಿಲ್ಲ, ಆತನೂ ಕೇಳಿಕೊಳ್ಳಲಿಲ್ಲ. ಮಗುವಿನ ಹೆಸರಿನಲ್ಲಿ ನಾವು ತಡೆಯುವುದು ಯಾವಾಗಲೂ ಒಬ್ಬರನ್ನೇ.

ಆದಿಕಾಂಡದಲ್ಲಿ ಯಕೋಬನು ಇಪ್ಪತ್ತು ವರ್ಷದ ಮೇಲೆ ಅಣ್ಣ ಏಸಾವನನ್ನು ಭೇಟಿಯಾಗುವ ಪ್ರಸಂಗ ನಿಮಗೆ ಗೊತ್ತಿದೆ. ಏಸಾವ ನಾನೂರು ಜನರೊಡನೆ ಬಂದಿದ್ದಾನೆ. ಅಪ್ಪಿಕೊಂಡು ಅತ್ತ ಮೇಲೆ, ಬಾ, ಒಟ್ಟಿಗೆ ಹೊರಡೋಣ ಎನ್ನುತ್ತಾನೆ. ಯಕೋಬ ಒಪ್ಪುವುದಿಲ್ಲ. ಮಕ್ಕಳು ಇನ್ನೂ ಎಳೆಯವರು, ಹಾಲು ಕುಡಿಸುವ ಆಡು ದನಗಳಿವೆ, ಒಂದು ದಿನ ಅವಸರಪಡಿಸಿ ಹೊಡೆದರೂ ಮಂದೆ ಉಳಿಯುವುದಿಲ್ಲ, ನೀನು ಮುಂದೆ ಹೋಗು, ನಾನು ದನಕರುಗಳ ಮತ್ತು ಮಕ್ಕಳ ನಡಿಗೆಗೆ ತಕ್ಕಂತೆ ನಿಧಾನವಾಗಿ ಬರುತ್ತೇನೆ ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ನಾನೂರು ಗಂಡಸರ ಪಡೆಯ ವೇಗಕ್ಕೂ ಹಾಲು ಕುಡಿಯುವ ಮರಿಯ ವೇಗಕ್ಕೂ ನಡುವೆ ನಿಂತು ಒಬ್ಬ ತಂದೆ ಎರಡನೆಯದನ್ನು ಆರಿಸಿಕೊಳ್ಳುತ್ತಾನೆ. ಮಕ್ಕಳಿರುವವರ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಕಂಡಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹಿಂದೆಯೇ ಬರುತ್ತೇನೆಂದ ಯಕೋಬ ಅಣ್ಣನಿದ್ದ ಸೇಯಿರಿಗೆ ಹೋಗಲೇ ಇಲ್ಲ, ಸುಕ್ಕೋತಿನ ದಾರಿ ಹಿಡಿದ. ಅಣ್ಣನ ಭಯ ಅವನಿಗೆ ಪೂರ್ತಿ ಹೋಗಿರಲಿಲ್ಲ. ಅಂದರೆ ಮಕ್ಕಳ ನಡಿಗೆ ಎಂಬುದು ಅವನಿಗೆ ನಿಜವೂ ಹೌದು, ನೆಪವೂ ಹೌದು. ನಮ್ಮ ಮನೆಗಳಲ್ಲೂ ಹಾಗೆಯೇ. ‘ಮಗುವಿಗೆ ಏನಾದ್ರೂ ಆದರೆ’ ಎಂಬ ಮಾತಿನಲ್ಲಿ ಅರ್ಧ ಮಗುವಿನ ಚಿಂತೆ, ಅರ್ಧ ಸೊಸೆ ಪ್ಯಾಂಟು ಹಾಕಿಕೊಂಡು ಬೀದಿಯಲ್ಲಿ ಓಡಿದರೆ ಜನ ಏನೆಂದಾರು ಎಂಬ ಚಿಂತೆ. ಆ ಅತ್ತೆಯವರ ಮುಂದೆ ನಾನು ಇದನ್ನು ಇಷ್ಟು ನೇರವಾಗಿ ಹೇಳಲಿಲ್ಲ. ಅವರು ಈ ಪುಟವನ್ನು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನೆಪವನ್ನು ಬೇರೆ ಮಾಡಿ ನಿಜವಾದ ಚಿಂತೆಯನ್ನು ಮಾತ್ರ ಹಿಡಿದರೆ ಗಾಡಿಯ ಆಯ್ಕೆ ಅಷ್ಟು ಕಷ್ಟವಲ್ಲ. ನಾನು ಮಕ್ಕಳ ವೈದ್ಯರೊಬ್ಬರನ್ನು ಕೇಳಿದೆ, ಅಣ್ಣ ಕಳಿಸಿದ ಕೈಪಿಡಿಗಳನ್ನು ದಂಪತಿಗಳಿಂದ ತರಿಸಿ ಓದಿದೆ.

ಮೊದಲನೆಯದು ಕಾಯುವುದು. ಐದು ತಿಂಗಳ ಕೂಸನ್ನು ಕೂರಿಸಿ ಓಡಬಾರದು. ಕತ್ತು ಗಟ್ಟಿಯಾಗಿ ನಿಂತು, ಆಸರೆಯಿಲ್ಲದೆ ಕೂರಲು ಬರಬೇಕು. ಬಹುತೇಕ ತಯಾರಕರು ಆರರಿಂದ ಎಂಟು ತಿಂಗಳು ತುಂಬುವವರೆಗೆ ಗಾಡಿಯಲ್ಲಿಟ್ಟು ಓಡಬೇಡಿ ಎನ್ನುತ್ತಾರೆ, ಅದಾದ ಮೇಲೂ ವೈದ್ಯರನ್ನು ಕೇಳಿ ಎನ್ನುತ್ತಾರೆ. ಅಲ್ಲಿಯವರೆಗೆ ಅದೇ ಗಾಡಿಯನ್ನು ನಡೆಯಲು ಬಳಸಬೇಕಾದರೆ ಬೆನ್ನು ಪೂರ್ತಿ ಒರಗುವ ಆಸನ ಇರಬೇಕು. ತಾಯಿಯ ದೇಹಕ್ಕೂ ಕಾಯುವ ಕಾಲವಿದೆ. ಬ್ರಿಟನ್ನಿನ ಫಿಸಿಯೋಥೆರಪಿ ತಜ್ಞರು 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಹೆರಿಗೆಯಾದ ಮೇಲೆ ಬೇಗ ಎಂದರೂ ಮೂರರಿಂದ ಆರು ತಿಂಗಳು ಓಟ ಬೇಡ. ನಮ್ಮ ಅಜ್ಜಿಯರು ಮೂರು ತಿಂಗಳು, ಐದು ತಿಂಗಳು ಎಂದು ತವರಿನಲ್ಲಿ ಕೂರಿಸುತ್ತಿದ್ದ ಲೆಕ್ಕ ಇದಕ್ಕೆ ತೀರ ದೂರವಿಲ್ಲ.

ಇನ್ನು ಗಾಡಿಯ ಮುಂದಿನ ಚಕ್ರ. ಅಂಗಡಿಯಲ್ಲಿ ತಿರುಗಿಸಿ ನೋಡುವಾಗ ಅತ್ತಿತ್ತ ಹೊರಳುವ ಚಕ್ರ ಚೆನ್ನಾಗಿ ಕಾಣುತ್ತದೆ, ಆದರೆ ಓಡುವಾಗ ಅದು ಸಣ್ಣ ಕಲ್ಲು ಸಿಕ್ಕಿದರೂ ಪಕ್ಕಕ್ಕೆ ತಿರುಗಿ ಗಾಡಿಯನ್ನು ಉರುಳಿಸಬಹುದು. ಓಡುವ ಮುನ್ನ ಅದನ್ನು ನೇರಕ್ಕೆ ಬಿಗಿದು ನಿಲ್ಲಿಸುವ ಏರ್ಪಾಡು ಇರಲೇಬೇಕು. ಬಿಚ್ಚಿ ಹಾಕುವ ಚಕ್ರವಾದರೆ ಪ್ರತಿ ಸಲವೂ ಕೈಯಿಂದ ಅಲುಗಿಸಿ ನೋಡಬೇಕು. 2018ರ ಫೆಬ್ರುವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಲ್ಲಿನ ಒಂದು ಕಂಪನಿಯ ಮೇಲೆ ಮೊಕದ್ದಮೆ ಹೂಡಿದ್ದೇ ಇದಕ್ಕಾಗಿ. ಓಡುತ್ತಿರುವಾಗ ಮುಂಚಕ್ರ ಕಳಚಿಕೊಂಡಿತು ಎಂಬ ಸುಮಾರು ಇನ್ನೂರು ದೂರುಗಳು 2012ರಿಂದ ಬಂದಿದ್ದವು ಎಂದು ಆಯೋಗ ಹೇಳಿತ್ತು. ಅದೇ ವರ್ಷ ನವೆಂಬರಿನಲ್ಲಿ ರಾಜಿಯಾಯಿತು. ಒಳ್ಳೆಯ ಹೆಸರಿದೆ, ದುಬಾರಿಯೂ ಹೌದು ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವಂತಿಲ್ಲ.

ಮಗುವಿನ ಎರಡು ಹೆಗಲು, ಎರಡು ಪಕ್ಕ, ತೊಡೆಗಳ ನಡುವೆ ಹೀಗೆ ಐದು ಕಡೆ ಹಿಡಿಯುವ ಪಟ್ಟಿ ಬೇಕು. ಹಿಂದಿನ ಚಕ್ರಕ್ಕೆ ಬ್ರೇಕು ಬೇಕು. ಹಿಡಿಕೆಯಿಂದ ಓಡುವವರ ಮಣಿಕಟ್ಟಿಗೆ ಒಂದು ಪಟ್ಟಿ ಇರುತ್ತದೆ, ಎಡವಿ ಬಿದ್ದರೂ ಗಾಡಿ ಕೈತಪ್ಪಿ ಹೋಗದಿರಲಿ ಎಂದು. ಎಷ್ಟೋ ಜನ ಅದು ಕಿರಿಕಿರಿ ಎಂದು ಕಟ್ಟಿಕೊಳ್ಳುವುದೇ ಇಲ್ಲವಂತೆ. ಕಪಿಲೆಯ ಕಡೆಗೆ ಇಳಿಜಾರಾದ ಒಂದು ರಸ್ತೆಯನ್ನು ನೆನೆಸಿಕೊಂಡರೆ ಆ ಒಂದು ಗೇಣು ಪಟ್ಟಿಯ ಬೆಲೆ ತಿಳಿಯುತ್ತದೆ.

ಗಾಳಿ ತುಂಬಿದ ದೊಡ್ಡ ಚಕ್ರ ಒಳ್ಳೆಯದು. ಸಾಮಾನ್ಯವಾಗಿ ಹನ್ನೆರಡು ಅಥವಾ ಹದಿನಾರು ಇಂಚಿನದು ಇರುತ್ತದೆ. ಮಕ್ಕಳ ಸೈಕಲ್ಲಿಗೂ ಇದೇ ಅಳತೆ ಬರುವುದರಿಂದ ಪಂಕ್ಚರ್ ಆದರೆ ನಮ್ಮ ಪೇಟೆಯ ಸೈಕಲ್ ಅಂಗಡಿಯವನು ನೋಡಿಕೊಳ್ಳುತ್ತಾನೆ. ಆದರೆ ಗಾಡಿಯ ತೂಕ ಹತ್ತು ಕಿಲೋ ದಾಟುವುದುಂಟು. ಆ ದಂಪತಿ ಇರುವುದು ಮಹಡಿಯ ಮೇಲೆ. ಬಲಗೈಯಲ್ಲಿ ಕೂಸು, ಎಡಗೈಯಲ್ಲಿ ಗಾಡಿ, ಕಡಿದಾದ ಮೆಟ್ಟಿಲು. ಇದನ್ನು ಚಿತ್ರ ತೋರಿಸಿ ಮಾರುವವರು ಹೇಳುವುದಿಲ್ಲ.

ಮುಖ್ಯವಾದ ಇನ್ನೊಂದು ವಿಷಯ, ಮಗು ಯಾವ ಕಡೆ ಮುಖ ಮಾಡಿ ಕೂರುತ್ತದೆ ಎನ್ನುವುದು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಜಾನ್ ಝೀಡಿಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗು ತಳ್ಳುವವರ ಕಡೆ ಮುಖ ಮಾಡಿ ಕೂತಿದ್ದಾಗ ತಾಯಂದಿರು ಅದರೊಡನೆ ಹೆಚ್ಚು ಮಾತಾಡುತ್ತಾರೆ ಎಂದು ಕಂಡುಬಂತು. ಓಡುವ ಗಾಡಿಗಳಲ್ಲಿ ಮಗುವಿನ ಮುಖ ಸಾಧಾರಣವಾಗಿ ಮುಂದಕ್ಕೇ ಇರುತ್ತದೆ. ಅದಕ್ಕೆ ರಸ್ತೆ ಕಾಣುತ್ತದೆ, ಅಮ್ಮ ಕಾಣುವುದಿಲ್ಲ. ಅಮ್ಮನಿಗೆ ಮಗುವಿನ ನೆತ್ತಿಯ ಮೇಲಿನ ಮುಚ್ಚಿಗೆ ಕಾಣುತ್ತದೆ. ಇದು ದೊಡ್ಡ ದೋಷವೆಂದು ನಾನು ಹೇಳಲಾರೆ. ಸೊಂಟದ ಮೇಲಿನ ಕೂಸೂ ಲೋಕವನ್ನು ನೋಡಲು ತಿರುಗುತ್ತದೆ. ಆದರೆ ಅರ್ಧ ಗಂಟೆ ಮುಖ ಕಾಣದಿದ್ದ ಮೇಲೆ ನಿಂತು, ಮುಂದಕ್ಕೆ ಬಂದು, ಕುಕ್ಕುರುಗಾಲಿನಲ್ಲಿ ಕೂತು ಮುಖ ತೋರಿಸಬೇಕು. ಓಟದ ಗಡಿಯಾರ ಇದಕ್ಕೆ ಒಪ್ಪುವುದಿಲ್ಲ. ಗಡಿಯಾರವನ್ನು ಮನೆಯಲ್ಲಿ ಬಿಟ್ಟು ಬರಬಹುದು.

ಗಾಡಿ ಆರಿಸಿದಂತೆ ದಾರಿಯನ್ನೂ ಆರಿಸಬೇಕು. ನಮ್ಮ ಕಡೆಯ ರಸ್ತೆಗಳು ನಿಮಗೆ ಗೊತ್ತು. ಹೆದ್ದಾರಿಯಲ್ಲಿ ಗುಂಡ್ಲುಪೇಟೆ ಕಡೆಯ ಲಾರಿಗಳು, ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳ ಸಾಲು, ಹೇಳದೆ ಕೇಳದೆ ಎದ್ದ ಉಬ್ಬುಗಳು. ಸುಗ್ಗಿಯಲ್ಲಿ ರಸ್ತೆಯ ತುಂಬ ಹುರುಳಿ, ರಾಗಿ ಹಾಸಿ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಆ ಹುರುಳಿ ಬಳ್ಳಿ ಬೈಕಿನ ಚಕ್ರಕ್ಕೇ ಸುತ್ತಿಕೊಂಡು ನಿಲ್ಲಿಸುತ್ತದೆ, ಮಗುವಿನ ಗಾಡಿ ಯಾವ ಲೆಕ್ಕ? ಸಾಲದ್ದಕ್ಕೆ ಗಾಡಿಯಲ್ಲಿ ಕೂತ ಕೂಸಿನ ಮೂಗು ಇರುವುದು ಲಾರಿಯ ಹೊಗೆ ಕೊಳವೆಯ ಮಟ್ಟದಲ್ಲಿ. ದೊಡ್ಡವರು ಮೇಲೆ ಉಸಿರಾಡುವ ಗಾಳಿ ಬೇರೆ, ಅದು ಕೆಳಗೆ ಉಸಿರಾಡುವ ಗಾಳಿ ಬೇರೆ. ಹೆದ್ದಾರಿ ಬೇಡ. ಬೆಳಿಗ್ಗೆ ಬೆಳಕು ಹರಿದ ಮೇಲೆ, ಬಿಸಿಲು ಏರುವ ಮುಂಚೆ, ಶಾಲೆಯ ಮೈದಾನ ಸಿಕ್ಕಿದರೆ ಉತ್ತಮ. ನಾಲೆಯ ಏರಿ ತಂಪಾಗಿದೆ ಎಂದು ಹಲವರು ಓಡುತ್ತಾರೆ, ಆದರೆ ಒಂದು ಪಕ್ಕ ನೀರಿರುವ ಏರಿಯ ಮೇಲೆ ಚಕ್ರದ ಗಾಡಿಯನ್ನು ನಾನಂತೂ ಒಪ್ಪಲಾರೆ. ಬಿಸಿಲಿಗೆಂದು ಗಾಡಿಯ ಮೇಲೆ ಬಟ್ಟೆ ಹೊದಿಸುವುದೂ ತಪ್ಪು. ತೆಳು ಬಟ್ಟೆಯಾದರೂ ಗಾಳಿ ನಿಂತು ಒಳಗೆ ಸೆಕೆ ಏರುತ್ತದೆ.

ಇಷ್ಟು ಓದಿದ ಮೇಲೆ ಹಿರಿಯರು, ಇಷ್ಟೆಲ್ಲ ರಗಳೆ ಯಾಕೆ ಫಾದರ್, ಸೊಂಟದ ಮೇಲೆ ಕೂರಿಸಿಕೊಂಡರೆ ಸಾಲದೆ ಎಂದು ಕೇಳುತ್ತಾರೆ. ಮುಂದಿನ ಭಾನುವಾರ ಆ ಅತ್ತೆಯವರೂ ಅದನ್ನೇ ಕೇಳಿದರು. ನೀವು ಹೊಲಕ್ಕೆ ಹೋಗುವಾಗ ಮಕ್ಕಳನ್ನು ಏನು ಮಾಡುತ್ತಿದ್ದಿರಿ ಎಂದು ನಾನು ವಿಚಾರಿಸಿದೆ. ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸಿ ನಾಟಿಗೆ ಇಳಿಯುತ್ತಿದ್ದರಂತೆ. ಅತ್ತರೆ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಸಾಲು ಮುಗೀಗಂಟ ಎದ್ದು ಬರಂಗಿರ್ನಿಲ್ಲ ಸ್ವಾಮ್ಯೋರೇ. ಒಂದ್ಸಲ ಕೆಂಜಿಗ ಮುತ್ಕಂಡಿದ್ವು. ಕೂಸು ಅತ್ತೂ ಅತ್ತೂ ಗಂಟ್ಲು ಕಟ್ಕಂಡಿತ್ತು.” ಆ ಕೂಸು ಬೇರಾರೂ ಅಲ್ಲ, ಪಕ್ಕದಲ್ಲಿ ನಿಂತಿದ್ದ ಮಗನೇ. ಆತನಿಗೆ ಆ ಸಂಗತಿ ಗೊತ್ತಿರಲಿಲ್ಲ.

ಅವರು ತಪ್ಪು ಮಾಡಿದರೆಂದು ಯಾರಾದರೂ ಹೇಳಲು ಸಾಧ್ಯವೇ? ಅಂದಿನ ಕೂಲಿ ಅಂದಿನ ಗಂಜಿ. ಆದರೆ ಹಿಂದಿನ ಕಾಲದಲ್ಲಿ ಎಲ್ಲರೂ ಮಗುವಿನ ನಡಿಗೆಗೆ ತಕ್ಕಂತೆ ನಡೆದರು, ಈಗಿನವರು ಮಾತ್ರ ಓಡುತ್ತಾರೆ ಎನ್ನುವುದು ನಿಜವಲ್ಲ. ನಾಟಿಯ ಸಾಲಿಗೂ ಒಂದು ವೇಗವಿತ್ತು, ಅದನ್ನು ಗೊತ್ತು ಮಾಡುತ್ತಿದ್ದವರು ಬೇರೆ ಯಾರೋ. ಬಡ ತಾಯಿಗೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲ. ಇವತ್ತು ಓಡುವ ತಾಯಿಗೆ ಇದೆ. ಆದ್ದರಿಂದಲೇ ಅವಳ ಹೊಣೆ ಹೆಚ್ಚು. ಅತ್ತಾಗ ನಿಲ್ಲಲು ಅವಳಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಜೋಲಿಯೂ ಇಲ್ಲದ ಮನೆಗಳಲ್ಲಿ ಇನ್ನೊಂದು ಗಾಡಿ ಇತ್ತು. ಅದರ ಹೆಸರು ಅಕ್ಕ.

ನಮ್ಮದು ತಿ.ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಹುಟ್ಟಿದಾಗ ನನ್ನ ಅಕ್ಕನಿಗೆ ಎಂಟು ವರ್ಷ, ಮೂರನೆಯ ತರಗತಿ. ಅವ್ವ ನಾಟಿಗೆ, ಕಳೆಗೆ ಹೋಗಬೇಕಿತ್ತು. ಮಗು ಎತ್ತಿಕೊಳ್ಳಲು ಆಳು ಬೇಕೆಂದು ಅಕ್ಕನನ್ನು ಶಾಲೆ ಬಿಡಿಸಿದರು. ಆಗ ಅದು ಸುದ್ದಿಯೂ ಅಲ್ಲ, ಪ್ರತಿ ಬೀದಿಯಲ್ಲೂ ಒಂದು ಪಕ್ಕಕ್ಕೆ ವಾಲಿಕೊಂಡು ಕೂಸು ಹೊತ್ತು ನಡೆಯುವ ಹುಡುಗಿಯರು ಇದ್ದರು. ನನ್ನನ್ನು ಇಳಿಸುವ ಹೊತ್ತಿಗೆ ತಮ್ಮ ಬಂದ. ಅವನನ್ನು ಇಳಿಸುವ ಹೊತ್ತಿಗೆ ಅವಳು ಶಾಲೆಗೆ ದೊಡ್ಡವಳಾಗಿದ್ದಳು. ನಾನು ಗುರುಮಠ ಸೇರಿ ಕಾಂಟ್, ಅಕ್ವಿನಾಸ್ ಎಂದು ಓದಿದೆ. ಅಕ್ಕ ಇಂದಿಗೂ ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತಾಳೆ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಕೂಡದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವನು ನಾನು. ಆ ವಾಕ್ಯ ಬರೆಯುವಾಗ ಒಮ್ಮೆಯೂ ಅವಳು ನೆನಪಾಗಿರಲಿಲ್ಲ.

ಆದ್ದರಿಂದ ಚಕ್ರದ ಗಾಡಿಯನ್ನು ಕಂಡು ‘ಫ್ಯಾಷನ್’ ಎಂದು ಮೂಗು ಮುರಿಯಲು ನನಗೆ ಬಾಯಿಲ್ಲ. ಒಬ್ಬ ಹುಡುಗಿಯ ಸೊಂಟದ ಭಾರವನ್ನು ಕಬ್ಬಿಣ ಹೊರುವುದಾದರೆ ಅದು ಆಶೀರ್ವಾದಕ್ಕೆ ತಕ್ಕ ಕಬ್ಬಿಣ. ಒಂದು ಮಗುವಿನ ಸಾಕಣೆ ಮನೆಯಲ್ಲಿ ಯಾರನ್ನು ಕಟ್ಟಿಹಾಕುತ್ತದೆ ಎಂದೂ ಕೇಳಬೇಕಾಗುತ್ತದೆ. ಹಿಂದೆ ಅಕ್ಕಂದಿರನ್ನು ಕಟ್ಟಿಹಾಕಿತು, ಈಗ ಓಡಬಲ್ಲ ಒಬ್ಬ ತಾಯಿಯನ್ನು ಕಟ್ಟಿಹಾಕಲು ನೋಡುತ್ತಿದೆ. ಮಗುವಿನ ನಡಿಗೆಗೆ ಇಡೀ ಮನೆ ಹೊಂದಿಕೊಳ್ಳಬೇಕೇ ಹೊರತು ಮನೆಯಲ್ಲಿ ಎಲ್ಲರಿಗಿಂತ ಬಾಯಿಲ್ಲದ ಒಬ್ಬರು ಮಾತ್ರವಲ್ಲ.

ಆಕೆಗೆ ನಾನು ಹೇಳಿದ್ದು ಇಷ್ಟು. ಓಡುವುದು ತಪ್ಪಲ್ಲ. ಕೂಸಿಗೆ ಎಂಟು ತಿಂಗಳು ತುಂಬಲಿ, ಅಲ್ಲಿಯವರೆಗೆ ವಾರದಲ್ಲಿ ಮೂರು ದಿನ ಆತ ಕೂಸನ್ನು ನೋಡಿಕೊಳ್ಳಲಿ, ನೀನು ಒಬ್ಬಳೇ ಓಡು. ಗಾಡಿ ಬಂದ ಮೇಲೂ ಗಂಡನ ಪಾಳಿ ತಪ್ಪಬಾರದು. ಗಾಡಿ ತಳ್ಳುವ ಓಟ ನಿನ್ನ ಓಟವಲ್ಲ, ಅದು ಮಗುವಿನ ಸವಾರಿ. ನಿನ್ನ ಓಟ ಬೇರೆ ಇಟ್ಟುಕೋ. ಗಂಡ ತಲೆ ಕೆರೆದುಕೊಂಡ. ರಾತ್ರಿ ಪಾಳಿ ಇದ್ದಾಗ ಬೆಳಿಗ್ಗೆ ಏಳುವುದು ಹೇಗೆ ಎಂದ. ಅತ್ತೆಯವರೇ, “ಆ ದಿನ ನಾ ನೋಡ್ಕತೀನಿ, ಓಡ್ಲಿ ಬುಡು” ಎಂದರು. ಸಂತೋಷದಿಂದ ಹೇಳಿದರೋ, ಕೆಂಜಿಗದ ನೆನಪಿನಿಂದ ಹೇಳಿದರೋ ನಾನು ಕೇಳಲಿಲ್ಲ.

ಅಂದು ರಾತ್ರಿ ಅಕ್ಕನಿಗೆ ಫೋನು ಮಾಡಿ ಈ ಗಾಡಿಯ ಸಮಾಚಾರವನ್ನೆಲ್ಲ ಹೇಳಿದೆ. ಮೂರು ಚಕ್ರ, ಬ್ರೇಕು, ಮಣಿಕಟ್ಟಿನ ಪಟ್ಟಿ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಎಷ್ಟು ದುಡ್ಡಂತೆ ಎಂದು ವಿಚಾರಿಸಿದಳು. ಆಮೇಲೆ ನಕ್ಕು, “ಅಂಥದ್ದೊಂದು ಆಗ ಇದ್ದಿದ್ರೆ ನಿನ್ನ ಅದ್ರಲ್ಲಿ ಕೂರ್ಸಿ ಸ್ಕೂಲಿಗೇ ತಳ್ಕೊಂಡು ಹೋಗಿರ್ತಿದ್ದೆ ಕನಪ್ಪ” ಎಂದಳು.